ಅಬ್‌ಸ್ಕಾಂಡೆಡ್

ಕ್ರಿಯಾಪದದ ಬಾಲಕ್ಕೆ ‘ಇಡಿ’ ಅಂಟಿಸಿದರೆ ಸಾಕು,
ಆಗುವುದು ಆಗಿಹೋಗುತ್ತದೆ ಎಂದು
ಶಿರ್ವದ ಶಾಲೆಯಲ್ಲಿ ಸಿಸ್ಟರ್ ಬೆನೆಡಿಕ್ಟಾ ಕಲಿಸಿದ್ದು
ಅಜ್ಮಾನಿನಲ್ಲಿ ನನಗೆ ಅನ್ನ ಹಾಕುತ್ತಿದೆ.
ನುಐಮಿಯಾದ ಟೈಪಿಂಗ್ ಸೆಂಟರ್, ಮೂರನೇ ಮೇಜು.
ಅಪ್ರೂವ್, ಅಪ್ರೂವ್ಡ್.
ಕ್ಯಾನ್ಸಲ್, ಕ್ಯಾನ್ಸಲ್ಡ್.
ಅರ್ಜಿಯೊಂದಕ್ಕೆ ಹದಿನೈದು ದಿರ್ಹಂ.

ಇವತ್ತು ಪಿಆರ್‌ಓ ಶಂಸೀರ್ ತಂದ ಕಾಗದದಲ್ಲಿ
ಬೇರೆಯೇ ಒಂದು ಪದ: ಅಬ್‌ಸ್ಕಾಂಡ್.
ನಮ್ಮ ಪೇಪರಿನವರು ತಲೆಮರೆಸಿಕೊಂಡ ಎನ್ನುತ್ತಾರೆ,
ಕೊಲೆ ಮಾಡಿದವನಿಗೆ,
ಚೀಟಿ ದುಡ್ಡು ನುಂಗಿದವನಿಗೆ.
ಇಲ್ಲಿ ಹೆಸರಿನ ಜಾಗದಲ್ಲಿ
ಯಮನೂರಪ್ಪ ವಾಲಿಕಾರ, ಕಂಬಿ ಕಟ್ಟುವವನು.

ಬೆರಳು ನಿಂತಿತು.

ಬೆಳಿಗ್ಗೆ ಕೆಳಗೆ, ಕರಕ್ ಚಹದ ಅಂಗಡಿಯ
ಮೊಳದಷ್ಟು ನೆರಳಲ್ಲಿ ನಿಂತಿದ್ದನಲ್ಲ:
“ಅಕ್ಕಾರ, ನಾಕ ತಿಂಗಳ ಪಗಾರ ಬಂದಿಲ್ಲರಿ,
ಒಂದ ಅರ್ಜಿ ಬರದ ಕೊಡ್ರಿ.”
ಊಟದ ಹೊತ್ತಿಗೆ ಬಾ ಅಂದಿದ್ದೆ.
ತಲೆಗೆ ನೀಲಿ ಟವೆಲು ಸುತ್ತಿಕೊಂಡಿದ್ದ.
ಹೌದು, ತಲೆ ಮರೆಸಿಕೊಂಡೇ ಇದ್ದ.
ನಲವತ್ತಾರು ಡಿಗ್ರಿ ಬಿಸಿಲು.
ಈ ಊರಲ್ಲಿ ಮರೆಸಿಕೊಳ್ಳದ ತಲೆ ಯಾವುದಿದೆ?

ಓಡುವ ಮೊದಲೇ ಓಡಿದ ಎಂದಾಗುವುದು
ಯಾವ ಕಾಲ, ಸಿಸ್ಟರ್?
ನೀವು ಬೋರ್ಡಿನ ಮೇಲೆ ಮೂರೇ ಬರೆದಿದ್ದಿರಿ.

“ಒಂದನೇ ತಾರೀಖಿನಿಂದ ಇಲ್ಲ ಅಂತ ಹಾಕಿ” ಎಂದ ಶಂಸೀರ್.
ಕೆಟ್ಟವನಲ್ಲ.
ನನ್ನ ಮಗಳ ವೀಸಾಕ್ಕೆ
ಎರಡು ಸಲ ದುಬೈಗೆ ಹೋಗಿಬಂದವನು,
ಪೆಟ್ರೋಲಿನ ಕಾಸು ಕೂಡ ಮುಟ್ಟದವನು.
ಒಂದನೇ ತಾರೀಖು! ನಿನ್ನೆಯ ಸಿಮೆಂಟು
ಯಮನೂರಪ್ಪನ ಕಿವಿಯ ಹಿಂದೆ ಇನ್ನೂ ಬೆಳ್ಳಗಿತ್ತು.

ಟೈಪ್ ಮಾಡಿದೆ. ಅಕ್ಷರ ಬಿಡದೆ ಮಾಡಿದೆ.
ಪಾಸ್‌ಪೋರ್ಟ್ ನಂಬರಿನಲ್ಲಿ ಮಾತ್ರ
ಏಳರ ಜಾಗಕ್ಕೆ ಮೂರು, ಮೂರರ ಜಾಗಕ್ಕೆ ಏಳು.
ಧೈರ್ಯ ಗೀರ್ಯ ಅನ್ನಬೇಡಿ.
ರಿಜೆಕ್ಟೆಡ್ ಎಂದು ತಿರುಗಿ ಬರಲು ಎರಡು ದಿನ,
ಕಣ್ಣು ಮಂಜಾಗಿತ್ತು ಎನ್ನಲು ನನ್ನ ಕನ್ನಡಕವಿದೆ.

ಬಾಟಲಿಗೆ ನೀರು ತರುವ ನೆಪ ಮಾಡಿ ಇಳಿದೆ.
ಅಂಗಡಿಯ ಮುಂದೆ ಅರ್ಧ ಕುಡಿದ ಗ್ಲಾಸು,
ನೊಣ ಕೂತ ಕೆನೆ.
“ಇಪ್ಪೋ ಇಂಡಾಯಿರುನ್ನು” ಎಂದ ಚಹದವನು,
ಬೀದಿಯ ಕಡೆ ಗಲ್ಲ ತೋರಿಸಿ.

ಬೀದಿ ತುಂಬ ನೀಲಿ ಟವೆಲುಗಳು.
ಕೂಗಿದರೆ ಅವರಲ್ಲೊಬ್ಬ ತಿರುಗಿ ನೋಡುತ್ತಾನೆ.
ಹೆಸರು ನಾಲಿಗೆಯ ತುದಿಯಲ್ಲಿದೆ.
ಹಿಂದೆ ಮೆಟ್ಟಿಲ ಮೇಲೆ
ಶಂಸೀರನ ಬೂಟು ಇಳಿಯುತ್ತಿದೆ.