ಜೂನಿಪರ್ ಜಾಸ್ತಿ

ನವೆಂಬರ್ ಬಂದರೆ ಸಾರೆಮಾ ದ್ವೀಪದಲ್ಲಿ
ಕೈಗಳಿಗೆ ಮೊದಲು ಮುಪ್ಪು ಬರುತ್ತದೆ,
ಮುಖಕ್ಕೆ ಆಮೇಲೆ.
ಬಂದರಿನ ಹೊಗೆಮನೆಯಲ್ಲಿ ಬೆಳಗಿನಿಂದ
ಉಪ್ಪುನೀರಿನ ತೊಟ್ಟಿಗೆ ಮೊಣಕೈವರೆಗೂ ಇಳಿಸಿ
ಮೀನು ತೆಗೆದು, ಕಡ್ಡಿಗೆ ಪೋಣಿಸಿ, ಮತ್ತೆ ಇಳಿಸಿ,
ಸಂಜೆ ಮನೆಯ ಚಿಲಕ ಹಿಡಿದರೆ
ಕಬ್ಬಿಣ ಚರ್ಮವನ್ನು ಬಿಡುವುದಿಲ್ಲ.
ಗೆಣ್ಣುಗೆಣ್ಣಿನಲ್ಲೂ ಕೆಂಪು ಗೀರು,
ಅದರೊಳಗೆ ಕೂತ ಉಪ್ಪು ರಾತ್ರಿಯಿಡೀ
ದಿನದ ಲೆಕ್ಕ ಒಪ್ಪಿಸುತ್ತದೆ.

ಪೇಟೆಯಿಂದ ಒಮ್ಮೆ ಡಬ್ಬಿ ತಂದಿದ್ದೆ.
ಮೇಲೆ ಗುಲಾಬಿಯ ಚಿತ್ರ, ಒಳಗೆ ಗುಲಾಬಿಯ ಸುಳ್ಳು.
ಎರಡು ದಿನ ನುಣುಪು, ಮೂರನೆಯ ದಿನ ಉರಿ.
ಬೆಕ್ಕೂ ಅದನ್ನು ಮೂಸಲಿಲ್ಲ.

ಹಾಗಾಗಿ ಒಲೆ ಹಚ್ಚಿದೆ.
ಜೂನಿನಲ್ಲೇ ಸೂರ್ಯಕಾಂತಿ ಎಣ್ಣೆಗೆ ಬಿದ್ದು
ಕಿಟಕಿಯ ಕಟ್ಟೆಯಲ್ಲಿ ಬಿಸಿಲು ಕುಡಿದು ಸೊಕ್ಕಿದ
ಕ್ಯಾಲೆಂಡುಲ ಎಸಳುಗಳನ್ನು ಬಟ್ಟೆಯಲ್ಲಿ ಹಿಂಡಿದೆ.
ಕಪ್ಪು ಕುರಿಯ ತೊಳೆಯದ ಉಣ್ಣೆಯನ್ನು ಕುದಿಸಿ
ತೇಲಿಬಂದ ಜಿಡ್ಡನ್ನು ಏಳು ಸಲ ಸೋಸಿದೆ.
ಏಳು ಸಲ ಸೋಸಿದರೂ ಕುರಿ ಹೋಗಲಿಲ್ಲ.
ಅದನ್ನು ಅಡಗಿಸಲೆಂದು
ಜೂನಿಪರ್ ಕಾಯಿ ಜಜ್ಜಿ ಕಾಯಿಸಿದ ನೀರು,
ಹಿಡಿ ತುಂಬ, ಮೇಲೊಂದು ಹಿಡಿ.
ಮೇಣ ಮಾತ್ರ ಅಂಗಡಿಯದು.

ಅಂಗಡಿಯದು ಯಾಕೆಂದರೆ
ಜೇನುಪೆಟ್ಟಿಗೆಗಳಿರುವುದು ಎಂಡ್ಲಳ ಹಿತ್ತಲಲ್ಲಿ.
ಎಂಡ್ಲ, ನನ್ನ ತಮ್ಮ ಕೌಪೊನ ಹೆಂಡತಿ.
ಅವನ ಗೋರಿಯ ಮಣ್ಣು ಇನ್ನೂ ಕುಸಿದು ಕೂತಿರಲಿಲ್ಲ,
ಅಪ್ಪ ಕಟ್ಟಿದ ದೋಣಿಯನ್ನು ಒಂದು ಮಾತು ಕೇಳದೆ
ಆಚೆ ದಡದ ಯಾರಿಗೋ ಮಾರಿದಳು.
ಅಂದಿನಿಂದ ನಮ್ಮದು ಎಣ್ಣೆ ಸೀಗೆಕಾಯಿ.
ಮೂರು ಚಳಿಗಾಲ.

ಎಣ್ಣೆ, ಮೇಣ, ಜಿಡ್ಡು ಕರಗಿ ಒಂದಾದವು.
ನೀರು ಸುರಿದೆ. ಕಡೆದೆ.
ಗಟ್ಟಿಯಾಯಿತು, ಬೆಳ್ಳಗಾಯಿತು,
ಗೆದ್ದೆ ಅಂದುಕೊಂಡೆ, ಅಷ್ಟರಲ್ಲಿ
ಹುಳಿ ಹಿಂಡಿದ ಹಾಲಿನ ಹಾಗೆ ಒಡೆಯಿತು.
ಒಂದು ಕಡೆ ಕಾಳುಕಾಳು ಮೇಣ, ಒಂದು ಕಡೆ ಬೆಪ್ಪು ನೀರು.
ಅಂಗಡಿಯ ಮೇಣವನ್ನು ಬೈದೆ,
ಆಮೇಲೆ ದೋಣಿಯನ್ನು, ದೋಣಿ ಕೊಂಡವನನ್ನು.

ಮೂರನೆಯ ಸಲ ತಿಳಿಯಿತು:
ನೀರು ತಣ್ಣಗಿತ್ತು, ಅಷ್ಟೇ.
ಎರಡೂ ಒಂದೇ ಬಿಸುಪಿನಲ್ಲಿರಬೇಕು,
ಮಣಿಕಟ್ಟಿಗೆ ಒಂದೊಂದು ತೊಟ್ಟು ಬಿಟ್ಟರೆ
ಯಾವುದು ಹೆಚ್ಚು ಬೆಚ್ಚಗೆ ಎಂದು ಹೇಳಲಾಗಬಾರದು.
ಆಮೇಲೆ ಹನಿಹನಿಯಾಗಿ. ಕೈ ನಿಲ್ಲಿಸದೆ.
ರೇಡಿಯೋದಲ್ಲಿ ಸಮುದ್ರದ ಹವಾಮಾನ ಮುಗಿದು,
ವಾರ್ತೆ ಮುಗಿದು, ಯಾರದೋ ಪಿಟೀಲು ಮುಗಿದು
ಪಾತ್ರೆ ತಣಿಯುವವರೆಗೂ.

ಶನಿವಾರ ಅಂಗಡಿಯ ಗಲ್ಲಾದಲ್ಲಿ ಎಂಡ್ಲ ಕೂತಿದ್ದಳು.
ಬ್ರೆಡ್ಡು, ಮೇಣದಬತ್ತಿ, ಬೆಂಕಿಪೊಟ್ಟಣ.
ಎಂದಿನ ಹಾಗೆ ಅವಳು ಕಿಟಕಿ ನೋಡುತ್ತ, ನಾನು ತಕ್ಕಡಿ ನೋಡುತ್ತ.
ಚಿಲ್ಲರೆ ಅವಳ ಬೆರಳಿಂದ ಜಾರಿ ಉರುಳಿತು.
ಇಬ್ಬರೂ ಬಗ್ಗಿದೆವು.
ನಾಲ್ಕು ಬೆರಳಿಗೆ ಪಟ್ಟಿ,
ಐದನೆಯದಕ್ಕೆ ಪಟ್ಟಿ ಸಾಲದೆ
ದೋಣಿಯ ಬಿರುಕಿಗೆ ಸುತ್ತುವ ಕಪ್ಪು ಟೇಪು.

ಆ ರಾತ್ರಿ ಒಂದು ಬಾಟಲಿ
ಅವಳ ಗೇಟಿನ ಕಂಬದ ಮೇಲಿಟ್ಟು ಬಂದೆ.
ಹೆಸರು ಬರೆಯಲಿಲ್ಲ.
ನನ್ನ ಕುರಿಯ ವಾಸನೆ ಈ ಊರಿಗೇ ಗೊತ್ತು.

ಒಂಬತ್ತು ದಿನ ಏನೂ ಇಲ್ಲ.
ಹತ್ತನೆಯ ಬೆಳಗ್ಗೆ ಮೆಟ್ಟಿಲ ಮೇಲೆ
ತೊಳೆದ ಬಾಟಲಿ, ಒಳಗೆ ರಸೀದಿಯ ಚೂರು,
ಅದರ ಹಿಂದೆ ಪೆನ್ಸಿಲ್ಲಿನಲ್ಲಿ,
ಮೂರು ವರ್ಷದಲ್ಲಿ ಅವಳ ಮೊದಲ ಮಾತು:
'ಜೂನಿಪರ್ ಜಾಸ್ತಿ.
ಮೇಣ ಯಾರದು, ಇಷ್ಟು ಕೆಟ್ಟದ್ದು?'

ಸಿಟ್ಟು ಬಂತು, ನೆತ್ತಿಗೇರುವಷ್ಟು ಬಂತು.
ಬೇಕಾಗಿತ್ತೇ ನನಗೆ, ಎಂದು ಬೆಕ್ಕಿಗೆ ಹೇಳಿದೆ.
ಒಲೆಯ ಮೇಲೆ ನೀರಿಟ್ಟೆ.
ಕಾಯಿಗಳನ್ನು ಈ ಸಲ ಎಣಿಸಿ ಹಾಕಿದೆ,
ಹನ್ನೆರಡೇ.