ಐನೂರು ಅಡಿ

ನಿಯಮ ಇಷ್ಟೇ:
ಸೆರೆಯಿಂದ ಬಿಟ್ಟವರು ತಂಗುವ ಮನೆಗೂ
ಸಂಸಾರಸ್ಥರ ಮನೆಗೂ ನಡುವೆ
ಐನೂರು ಅಡಿ ಇರಬೇಕು.
ಅಳೆಯುವವನು ನಾನು. ನಗರಸಭೆಯ ಸಂಬಳ,
ಕೈಯಲ್ಲೊಂದು ಉದ್ದ ಹಿಡಿಕೆಯ ಚಕ್ರ,
ಅಡಿಗೊಮ್ಮೆ ಟಿಕ್ ಎನ್ನುತ್ತದೆ.

ಓಹಾಯೋ ಸೀಮೆಯ ಗಾಜಿನೂರು, ಜನವರಿ.
ಮುಚ್ಚಿದ ಕಾರ್ಖಾನೆಯ ಹಿಂದೆ
ಸನ್ಯಾಸಿನಿಯರು ಬಿಟ್ಟುಹೋದ ಕಟ್ಟಡ,
ಇಪ್ಪತ್ತೆರಡು ಕೋಣೆ, ಒಂದೇ ಅಡುಗೆಮನೆ,
ಗೋಡೆಯಲ್ಲಿ ಶಿಲುಬೆ ಕಿತ್ತ ಬಿಳಿ ಗುರುತು.
ಅಲ್ಲಿಂದ ವಾಂಡಾ ಶಿಮಾನ್ಸ್ಕಿಯ ಮನೆಗೆ
ಬಾಗಿಲಿಂದ ಬಾಗಿಲಿಗೆ ಅಳೆದರೆ ಐನೂರ ಹನ್ನೆರಡು,
ಬೇಲಿಯಿಂದ ಬೇಲಿಗೆ ನಾನೂರ ಎಪ್ಪತ್ತೊಂಬತ್ತು.
ಯಾವುದನ್ನು ಬರೆಯಲಿ ಎಂದೆ.
ಎರಡನ್ನೂ ಬರೆ ಅಂದರು ಮೇಲಿನವರು.
ನವೆಂಬರಿನಲ್ಲಿ ಅವರಿಗೆ ಚುನಾವಣೆ.

ಸಭೆಯಲ್ಲಿ ಹೆಸರು ಹೇಳಬೇಕು, ವಿಳಾಸ ಹೇಳಬೇಕು,
ಆಮೇಲೆ ಮೂರು ನಿಮಿಷ.
ಮೈಕಿನ ಪಕ್ಕ ಹಸಿರು ದೀಪ, ಹಳದಿ, ಕೆಂಪು.
ಎಲ್ಲರೂ ಅವರವರ ಮೂಗಿನ ನೇರಕ್ಕೆ ಅಳೆದರು.
ಒಬ್ಬ ಮನೆಯ ಬೆಲೆ ಅಳೆದ,
ಒಬ್ಬಳು ಶಾಲೆಯ ಬಸ್ಸು ನಿಲ್ಲುವ ಮೂಲೆ.
'ಅವರಿಗೂ ಎಲ್ಲಾದರೂ ಒಂದು ಸೂರು ಬೇಕು, ನಿಜ,'
ಅಂದ ಔಷಧದಂಗಡಿಯ ಕ್ಲೀಟಸ್ ಹಾರ್ಟ್‌ವಿಗ್,
'ಆದರೆ' ಅಂದ,
ಆ ಆದರೆಯ ಮೇಲೆಯೇ ಕೆಂಪು ದೀಪದವರೆಗೆ ನಿಂತ.

ವಾಂಡಾಗೆ ಎಪ್ಪತ್ತನಾಲ್ಕು. ಚೀಟಿ ನೋಡಿ ಓದಿದಳು:
'ನಾನು ಒಂಟಿ. ರಾತ್ರಿ ಮೆಟ್ಟಿಲು ಕಿರ್ ಎಂದರೆ
ಯಾರದು ಅಂತ ಕೂಗಲು ಧ್ವನಿ ಬರುವುದಿಲ್ಲ.
ಇದನ್ನು ನಿಮ್ಮೆದುರು ಹೇಳಲು ನಾಚಿಕೆ.
ಆದರೂ ಹೇಳಿದ್ದೇನೆ, ಬರೆದುಕೊಳ್ಳಿ.'
ಯಾರೂ ನಗಲಿಲ್ಲ. ನಾನೂ.

ಆಮೇಲೆ ಎದ್ದವನು ಆರ್ಲೋ ಪೆಟ್ಟಿಫರ್ಡ್,
ಬಾಯ್ಲರ್ ರಿಪೇರಿಯವನು.
ಬೀದಿಯ ಅರ್ಧ ಮನೆಗಳು ಬೆಚ್ಚಗಿರುವುದು
ಅವನ ಕೈಗುಣದಿಂದ.
ಟೋಪಿ ತೆಗೆದ. ಹೆಸರು ಹೇಳಿದ.
ವಿಳಾಸ: ವಾಂಡಾಳ ಪಕ್ಕದ ಮನೆ, ಹಿಂಬದಿಯ ಕೋಣೆ.
'ಹದಿನಾಲ್ಕು ವರ್ಷ ಒಳಗಿದ್ದೆ.
ಈ ಬೀದಿಗೆ ಬಂದು ಹನ್ನೊಂದು.
ನನ್ನ ಮಂಚದಿಂದ ಆಕೆಯ ಅಡುಗೆಮನೆ ಗೋಡೆಗೆ
ನಲವತ್ತೊಂದು ಅಡಿ. ನಿನ್ನೆ ರಾತ್ರಿ
ಟೇಪು ಹಿಡಿದು ಅಳೆದೆ.'

ಹೇಳಿದ ಮೇಲೆ ಅವನಿಗೇ ಹೊಳೆಯಿತೇನೋ
ಆ ಮಾತು ಉಳಿದವರ ಕಿವಿಗೆ ಹೇಗೆ ಬೀಳುತ್ತದೆಂದು.
ಬಾಯಿ ತೆರೆದ, ಮುಚ್ಚಿದ,
ಟೋಪಿಯ ಒಳಗೆ ನೋಡಿಕೊಂಡು ಕೂತ.
ಹಸಿರು ದೀಪ ಇನ್ನೂ ಉರಿಯುತ್ತಲೇ ಇತ್ತು.

ವಾಂಡಾ ತಿರುಗಲಿಲ್ಲ.
ಕೈಚೀಲದಲ್ಲಿ ಏನನ್ನೋ ತಡಕುತ್ತಿದ್ದಳು.
ಮಗಳ ಊರಿಗೆ ಅವಳು ಹೋದಾಗಲೆಲ್ಲ
ಬೆಕ್ಕಿಗೆ ಹಾಲಿಡುವವನು ಆರ್ಲೋ;
ಹಿತ್ತಿಲ ಬೀಗದಕೈ ಅವನ ಹತ್ತಿರವೇ ಇರುವುದು
ಬೀದಿಗೆಲ್ಲ ಗೊತ್ತು.

ಮಂಡಳಿ ಅಳೆದೂ ಸುರಿದೂ
ಹನ್ನೊಂದು ಗಂಟೆಗೆ ಮುಂದಿನ ತಿಂಗಳಿಗೆ ಹಾಕಿತು.
ಮತ್ತೊಮ್ಮೆ ಅಳೆದು ಬಾ ಅಂತ ನನಗೆ.

ನಾಲ್ಕು ದಿನ ಬಿಟ್ಟು ಹೋದೆ. ಮೊಣಕಾಲು ಹಿಮ.
ಚಕ್ರ ಉರುಳದೆ ಜಾರಿತು, ಟಿಕ್ ಎನ್ನಲಿಲ್ಲ.
ವಾಂಡಾಳ ಹಿತ್ತಿಲ ಬಾಗಿಲಿಗೆ
ಹಿತ್ತಾಳೆಯ ಹೊಸ ಬೀಗ, ಬೆಲೆಚೀಟಿಯ ಅಂಟು ಕೂಡ ಹೋಗಿಲ್ಲ.
ಮೆಟ್ಟಿಲ ಹಿಮ ಮಾತ್ರ ಎಂದಿನ ಹಾಗೆ
ಯಾರೋ ಬೆಳಗಾಗುವ ಮೊದಲೇ ಎತ್ತಿ ಬದಿಗೊಟ್ಟಿ
ಉಪ್ಪು ಚೆಲ್ಲಿ ಹೋಗಿದ್ದಾರೆ.

ಅಡುಗೆಮನೆಯ ಕಿಟಕಿ ಗೇಣಷ್ಟು ಮೇಲೆದ್ದಿತು.
'ಎಷ್ಟು ಬಂತು?'
ಇನ್ನೂ ಅಳೆದಿಲ್ಲಮ್ಮ ಎಂದೆ.
'ಅದಲ್ಲ. ಇಲ್ಲಿಂದ ಅಲ್ಲಿಗೆ.'
ಗಲ್ಲದಿಂದಲೇ ಪಕ್ಕದ ಮನೆ ತೋರಿಸಿದಳು.

ಜೇಬಿನ ಟೇಪು ತೆಗೆದು, ಹಿಮದಲ್ಲಿ ಮಂಡಿಯೂರಿ ಅಳೆದೆ.
ಗೋಡೆಯಿಂದ ಗೋಡೆಗೆ ಮೂವತ್ತೆಂಟು.
ಮಂಚ ಮೂರಡಿ ಒಳಗಿದ್ದೀತು.
'ಸರಿಯಾಗಿಯೇ ಅಳೆದಿದ್ದಾನೆ' ಎಂದೆ.

ಅವಳು ಸ್ವಲ್ಪ ಹೊತ್ತು ನಿಂತಳು.
ಒಳಗೆ ಬಾಯ್ಲರ್ ಗುಡುಗುಟ್ಟಿ ಹೊತ್ತಿಕೊಂಡಿತು.
ಕಿಟಕಿ ಇಳಿಸಿದಳು,
ಬಡಿಯಲಿಲ್ಲ.