ಕೂದಲಷ್ಟು ಸಡಿಲ

ಗಂಗಾವತಿಯಲ್ಲಿ ನಾನು ಲಾರಿ ಗಾಜಿನವ.
ಭತ್ತದ ಲಾರಿ, ಟಿಪ್ಪರು, ಒಮ್ಮೊಮ್ಮೆ ಕೆಂಪು ಬಸ್ಸು.
ಕಲ್ಲು ಬಡಿದದ್ದು, ಕೋತಿ ಕೂತದ್ದು,
ಗಂಡ ಹೆಂಡಿರ ಜಗಳದಲ್ಲಿ ಒಡೆದದ್ದು,
ಎಲ್ಲಕ್ಕೂ ನನ್ನಲ್ಲಿ ರಬ್ಬರು ಇದೆ.
ದೋಣಿ ಮಾತ್ರ ಮುಟ್ಟಿದವನಲ್ಲ.

ಮುನಿರಾಬಾದಿನಿಂದ ಜಂಬಣ್ಣ ಫೋನು ಮಾಡಿದ:
"ಹಳೇ ಲಾಂಚು ಐತಿ, ಮೌಲಾ. ಆರು ಕಿಡಕಿ.
ಆರೂ ಅಳತಾವು."

ಮೇ ತಿಂಗಳು. ಡ್ಯಾಮಿನ ನೀರು ಎಲ್ಲೋ ದೂರ ಸರಿದು
ಬಿರಿದ ರಾಡಿಯ ಮೇಲೆ ಲಾಂಚು ವಾಲಿ ಕೂತಿತ್ತು,
ಪಕ್ಕೆಗೆ ಎರಡು ದಿಮ್ಮಿ ಆನಿಸಿಕೊಂಡು.
ಹೆಸರಿನ ಮೇಲೆ ಬಣ್ಣ, ಬಣ್ಣದ ಮೇಲೆ ಹೆಸರು,
ಕೊನೆಗೆ ಉಳಿದದ್ದು ಬರೀ 'ರೋಹಿ'.
ಮುಂದೆ ಣಿ ಇತ್ತೋ ತ ಇತ್ತೋ,
ಇಪ್ಪತ್ತು ವರ್ಷ ನಡೆಸಿದ ಜಂಬಣ್ಣನಿಗೂ ನೆನಪಿಲ್ಲ.

ಮೊದಲ ಕಿಟಕಿ ಬಿಚ್ಚಲಿಕ್ಕೇ ಅರ್ಧ ದಿನ.
ಒಂದೊಂದು ಸ್ಕ್ರೂಗೂ ಸೀಮೆಎಣ್ಣೆ ಕುಡಿಸಿ, ಬಯ್ದು, ಬೇಡಿಕೊಂಡು.
ಚೌಕಟ್ಟಿನ ಸಂದಿಯಲ್ಲಿ ಪದರ ಪದರ:
ಮೇಲೆ ಯಾರೋ ಮೆತ್ತಿದ ಎಂಸೀಲು,
ಅದರಡಿ ಸೈಕಲ್ ಟ್ಯೂಬಿನ ಪಟ್ಟಿ,
ಅದರಡಿ ಡಾಂಬರು, ಡಾಂಬರಿನಲ್ಲಿ ಸಿಕ್ಕಿಕೊಂಡ
ಏರೋಪ್ಲೇನ್ ಚಿಟ್ಟೆಯ ಒಂದೇ ರೆಕ್ಕೆ,
ತಳದಲ್ಲಿ ಕಲ್ಲಾದ ಪುಟ್ಟಿ.
ಪುಟ್ಟಿಯಲ್ಲಿ ಒಂದು ಹೆಬ್ಬೆರಳ ಗುರುತು.
ನನ್ನ ಬೆರಳಿಟ್ಟು ನೋಡಿದೆ. ಹಿಡಿಸಲಿಲ್ಲ.

ಲಾಂಚು ಗುಡಿಸುವ ಹುಲಿಗೆವ್ವ ಇಣುಕಿ
"ನಂದಽ ಅದು" ಅಂದಳು.
"ನಮ್ಮಪ್ಪ ಹಚ್ಚತಿದ್ದ, ನಾ ಒತ್ತತಿದ್ದೆ.
ಎಂಟು ವರ್ಷದಾಕಿ ಇದ್ದೆ."
ಅಷ್ಟೇ ಹೇಳಿ, ಕಸದ ಬುಟ್ಟಿ ಚಾಚಿದಳು,
ಪುಟ್ಟಿ ಕೆರೆದು ಹಾಕಲೆಂದು.

ಅಕ್ರಿಲಿಕ್ ಹಾಳೆ ತಂದಿದ್ದೆ.
ಸ್ಕ್ರೂ ಅಳತೆಗೆ ಸರಿಯಾಗಿ ತೂತು ಹೊಡೆದೆ.
ಲಾರಿ ಲೆಕ್ಕ: ಬಿಗಿ ಇದ್ದಷ್ಟೂ ಭದ್ರ.
ಉಂಡು ಬರುವಷ್ಟರಲ್ಲಿ
ಮೂಲೆಯಿಂದ ಮೂಲೆಗೆ ಒಂದು ಗೆರೆ.
ಯಾರೂ ಮುಟ್ಟಿರಲಿಲ್ಲ, ಬಿಸಿಲು ಬಿಟ್ಟು.
ಎರಡು ಸಾವಿರದ ಮುನ್ನೂರು, ನನ್ನ ದುಡ್ಡು.

ಜಂಬಣ್ಣ ಬೀಡಿ ಆರಿಸಿ ಹತ್ತಿರ ಬಂದ. ಬಯ್ಯಲಿಲ್ಲ.
"ಕಾದರ ಅದೂ ಹಿಗ್ಗತೈತಿ, ಮೌಲಾ.
ಹಿಗ್ಗಾಕ ಕೂದಲಷ್ಟು ಜಾಗ ಬಿಡು."

ಮರುದಿನ ಹೊಸ ಹಾಳೆ, ತುಸು ದೊಡ್ಡ ತೂತು.
ಕಪ್ಪು ಸಿಲಿಕೋನು ಎಳೆದೆ, ಶಾವಿಗೆಯಂತೆ, ಎಲ್ಲೂ ಕಡಿಯದೆ.
ಸ್ಕ್ರೂ ಇವತ್ತೇ ಪೂರಾ ತಿರುವಬೇಡ ಅಂದ.
ಬಿಗಿದರೆ ಅಂಟೆಲ್ಲ ಹೊರಗೆ ಬಂದು
ನಡುವೆ ಬರೀ ಹಟ ಉಳಿಯುತ್ತದಂತೆ.
ರಾತ್ರಿ ಬಿಡು, ನಾಳೆ ಕಾಲು ಸುತ್ತು.
ಇಷ್ಟು ಹೇಳುವ ಮನುಷ್ಯ ಹೆಂಡತಿಯ ಹತ್ತಿರ
ಆರು ವರ್ಷದಿಂದ ಮಾತು ಬಿಟ್ಟಿದ್ದಾನೆಂದು
ಹುಲಿಗೆವ್ವ ಆಮೇಲೆ ಹೇಳಿದಳು.

ಆರೂ ಕೂತ ಮೇಲೆ ಕೊಡ ಕೊಡ ನೀರು.
ಹೊರಗಿನಿಂದ ಅವಳು ಎರಚುವುದು,
ಒಳಗೆ ಚೌಕಟ್ಟಿನ ಸುತ್ತ ಸೀಮೆಸುಣ್ಣ ತೇದು ನಾನು ಕಾಯುವುದು.
ನಾಲ್ಕು ಒಣಗಿದ್ದವು.
ಐದನೆಯದರ ಕೆಳಗೆ ಒಂದು ಹನಿ.
ಬಿಚ್ಚಿದೆ, ಅಂಟಿಸಿದೆ, ಹನಿ.
ಮತ್ತೆ ಬಿಚ್ಚಿದೆ. ಹನಿ.

ಮೂರನೇ ದಿನ ಅವಳು ಕೊಡ ಇಳಿಸಿ
ಸೀರೆ ಎತ್ತಿ ಕಟ್ಟಿ ಚಾವಣಿ ಹತ್ತಿದಳು.
ಅಲ್ಲಿ ಇಲಾಖೆಯ ಬೋರ್ಡು:
ಅಪ್ಪಣೆಯಿಲ್ಲದೆ ಒಳಗೆ ಬರಕೂಡದು.
ಬೋರ್ಡಿನ ಮೊಳೆಯ ತೂತಿನಿಂದಲೇ ಇಳಿದ ನೀರು
ಹಲಗೆಯ ಬೆನ್ನ ಮೇಲೆ ಎರಡು ಮೊಳ ಕದ್ದು ನಡೆದು
ಪಾಪದ ಕಿಟಕಿಯ ಮೇಲೆ ಅಪವಾದ ಹೊರಿಸಿತ್ತು.
ಉಳಿದ ಸಿಲಿಕೋನು ಅಲ್ಲಿಗೆ ತುಂಬಿ
ಅವಳು ಕೈಯನ್ನು ಬೋರ್ಡಿಗೇ ಒರೆಸಿದಳು.

ಜುಲೈಯಲ್ಲಿ ನೀರು ಬಂದಿತು.
ಆಗಸ್ಟಿನಲ್ಲಿ ಜಂಬಣ್ಣನ ಫೋನು.
"ಅಳತಾವೇನು?" ಅಂದೆ, ಎದೆ ಗಟ್ಟಿ ಮಾಡಿಕೊಂಡು.

"ಇಲ್ಲ. ಹನಿ ಇಲ್ಲ.
ಒಳಗ ಸೆಕಿ, ಮೌಲಾ, ಕುಂದರಾಕ ಆಗವಲ್ದು.
ಒಂದು ಕಿಡಕಿ ತೆರಿಯೂ ಹಂಗ
ಮಾಡಿಕೊಡಾಕ ಬರತೈತೇನು?"